ನಲವತ್ತೊಂದನೆಯ ಕುಂಡದ ಅರ್ಧ ಎಲೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಕಾರಣವಿಲ್ಲದೆ ಸಿಟ್ಟಾಗುವವಳಲ್ಲ. ಇಪ್ಪತ್ತೆರಡು ವರ್ಷದಿಂದ ಕಾಲೇಜಿನ ಗಾಜಿನ ಮನೆಯಲ್ಲಿ ಗಿಡ ನೋಡಿಕೊಳ್ಳುತ್ತಿರುವ ನನಗೆ ಸಸ್ಯಶಾಸ್ತ್ರದ ಪ್ರೊಫೆಸರ್ ಬಂದು, "ಅಕ್ಕಾ, ನೀವು ತಪ್ಪು ಎಲೆ ಕೊಟ್ಟಿದ್ದೀರ ಅನ್ಸುತ್ತೆ" ಎಂದರೆ ಸುಮ್ಮನಿರಲಾದೀತೆ?

ವಿಷಯ ಇಷ್ಟು. ನಲವತ್ತು ಮತ್ತು ನಲವತ್ತೊಂದನೆಯ ಕುಂಡದ ಗಿಡಗಳು ನೋಡಲು ಅವಳಿಜವಳಿ. ಅದೇ ದಪ್ಪ ಎಲೆ, ಅದೇ ಬೂದು ರೋಮ. ಇವೆರಡೂ ಅಕ್ಕತಂಗಿಯರೆಂದು ಪುಸ್ತಕ ಬರೆದೇ ಪ್ರೊಫೆಸರ್ ಹೆಸರು ಮಾಡಿದವರು. ಈಗ ಡಿಎನ್‌ಎ ಪೂರ್ತಿ ಓದಿಸಿ ನೋಡಿದರೆ, ನಲವತ್ತೊಂದು ಕಿಟಕಿ ಪಕ್ಕದ ತೆಳ್ಳನೆಯ ಬಳ್ಳಿಯ ವಂಶಕ್ಕೆ ಸೇರಿದ್ದಂತೆ.

"ಬಳ್ಳಿ ಎಲೆ ಸೇರ್ಕೊಂಡಿರ್ಬೇಕು. ಇನ್ನೊಂದ್ಸಲ ನೋಡೋಣ ಅಂದ್ರೆ ಗಿಡಾನೇ ಇಲ್ಲ," ಎಂದರು. ನಿಜವೇ. ಅದು ಒಮ್ಮೆ ಹೂಬಿಟ್ಟು ಒಣಗಿಹೋಗಿತ್ತು. ಬೀಜ ತಂದ ಬಂಡೆಗುಡ್ಡವನ್ನು ಪುಡಿಮಾಡಿ ರಸ್ತೆಗೆ ಹಾಸಿಯಾಗಿತ್ತು. ನಾಲ್ಕು ವರ್ಷದ ಸಂಶೋಧನೆ, ಜೊತೆಗೆ ನನ್ನ ಮಾನ, ಎರಡೂ ಆ ಒಂದು ಎಲೆಯ ಮೇಲೆ ನಿಂತಿದ್ದವು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಗೊಣಗುತ್ತ ನನ್ನ ಹಳೇ ನೋಟ್‌ಬುಕ್ ತಂದು ಮೇಜಿನ ಮೇಲೆ ಕುಕ್ಕಿದೆ. ಕೆಲಸಕ್ಕೆ ಸೇರಿದ ವರ್ಷ ಲ್ಯಾಬಿನವರು ಎಲೆಯೊಂದನ್ನು ಕಳೆದು ಬೈಗುಳ ನನಗೆ ದಾಟಿಸಿದ್ದರು. ಅಂದಿನಿಂದ ನಾನು ಎಲೆಯನ್ನು ಉದ್ದಕ್ಕೆ ಸೀಳಿ, ಅರ್ಧ ಲ್ಯಾಬಿಗೆ ಕೊಟ್ಟು, ಉಳಿದರ್ಧವನ್ನು ಒಣಗಿಸಿ ನೋಟ್‌ಬುಕ್ಕಿಗೆ ಅಂಟಿಸಿ ತಾರೀಖು ಬರೆಯುತ್ತೇನೆ. ಯಾರಿಗೂ ಹೇಳಿರಲಿಲ್ಲ. ಕೇಳಿದ್ದರೆ ತಾನೆ ಹೇಳುವುದು.

ನಲವತ್ತೊಂದರ ಪುಟದಲ್ಲಿ ದಪ್ಪನೆಯ ಅರ್ಧ ಎಲೆಯಿತ್ತು, ಬೂದು ರೋಮ ಹಾಗೇ ಇತ್ತು. ಪ್ರೊಫೆಸರ್ ಬಗ್ಗಿ ಅದನ್ನೇ ನೋಡಿದರು. ಆಮೇಲೆ ಮತ್ತೊಮ್ಮೆ ಡಿಎನ್‌ಎ ಓದಿಸಲು ಉಗುರಿನಷ್ಟು ಕತ್ತರಿಸಿಕೊಂಡು ಹೋದರು.

ಮೂರು ವಾರ ನಾನು ಅವರ ಮುಖ ನೋಡಲಿಲ್ಲ. ಕೊನೆಗೆ ಅವರೇ ಓಡುತ್ತ ಬಂದರು.

"ಅದೇ ಉತ್ತರ ಬಂತು ಅಕ್ಕಾ. ಅವು ಅಕ್ಕತಂಗಿ ಅಲ್ವೇ ಅಲ್ಲ. ಬೇರೆ ಬೇರೆ ಮನೆಯವು, ಒಂದೇ ಥರ ಬಿಸಿಲು ಬಂಡೆ ತಿಂದು ತಿಂದು ಒಂದೇ ಥರ ಆಗಿವೆ. ತಪ್ಪು ಮಾಡಿದ್ದು ನಾನು, ನೀವಲ್ಲ. ನನ್ನ ಪುಸ್ತಕಾನೇ ತಪ್ಪು."

ತನ್ನ ತಪ್ಪನ್ನು ಹೀಗೆ ಹಬ್ಬದಂತೆ ಹೇಳಿಕೊಂಡ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಸಿಟ್ಟೆಲ್ಲ ಇಳಿದು ಅವರ ಬಗ್ಗೆ ಹೆಮ್ಮೆಯಾಯಿತು.

ಅವರು ಆ ಸಂಶೋಧನೆ ಮಂಡಿಸಿದ ದಿನ ಸಭಾಂಗಣ ತುಂಬಿತ್ತು. ನಾನು ಕೊನೆಯ ಸಾಲಿನಲ್ಲಿ ನೋಟ್‌ಬುಕ್ ಹಿಡಿದು ಕುಳಿತಿದ್ದೆ. ಹೊರಗಿನಿಂದ ಬಂದಿದ್ದ ಹಿರಿಯ ವಿಜ್ಞಾನಿಯೊಬ್ಬರು ಎದ್ದು, "ಎಲೆ ಅದಲುಬದಲಾಗಿಲ್ಲ ಅಂತ ಏನು ಗ್ಯಾರಂಟಿ?" ಎಂದರು.

"ಅದನ್ನ ನಮ್ಮ ಅಕ್ಕನ್ನೇ ಕೇಳಿ," ಎಂದು ಪ್ರೊಫೆಸರ್ ನನ್ನತ್ತ ಕೈ ತೋರಿಸಿದರು.

ಇಡೀ ಸಭೆ ತಿರುಗಿತು. ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ಎದ್ದು ಹೋಗಿ ಆ ಪುಟ ತೆರೆದು ಆ ಹಿರಿಯ ವಿಜ್ಞಾನಿಯ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿಕೊಂಡು ಬೆರಳು ಚಾಚಿದರು.

"ಮುಟ್ಬೇಡಿ," ಎಂದೆ. "ನೋಡಿ, ಸಾಕು."