ಮೂರು ಕ್ಲೌಡು, ಒಂದು ಅಕಾರ್ಡಿಯನ್

ಅಕಾರ್ಡಿಯನ್ನಿನ ಎಡಬದಿಯಲ್ಲಿ ನಲವತ್ತೆಂಟು ಗುಂಡಿ, ಗುಂಡಿಗೊಂದು ಸ್ವರ ತೆರೆಯುವ ತಂತಿಕಡ್ಡಿ. ನೋಡಲು ಎಲ್ಲವೂ ಒಂದೇ ತಾಯಿಯ ಮಕ್ಕಳು; ಒಂದರ ಜಾಗದಲ್ಲಿ ಇನ್ನೊಂದು ಕೂತಿತೋ, ಹಾಡು ಹೋಗಿ ಹಾವಳಿಯಾಗುತ್ತದೆ. ಅದಕ್ಕೇ ವಾದ್ಯ ರಿಪೇರಿ ಮಾಡುವ ಸೊಸೆ ಅಂದು ಬೆಳಿಗ್ಗೆ ಕಡ್ಡಿಗೊಂದು ಫೋಟೊ ಹೊಡೆಯುತ್ತ ಎಲ್ಲವನ್ನೂ ಬಿಚ್ಚಿದ್ದಳು. ಕೊನೆಯ ಫೋಟೊದಿಂದ ಹಿಂದಕ್ಕೆ ಬಂದರೆ ವಾದ್ಯ ತಾನೇ ಕೂಡಿಕೊಳ್ಳುತ್ತದೆಂಬುದು ಅವಳ ಶಾಸ್ತ್ರ.

ಊಟ ಮುಗಿಸಿ ಕೂತರೆ ಫೋನು 'ಜಾಗ ತುಂಬಿದೆ' ಎಂದಿತು. ಮೂರು ಸಲ, ಮೂರು ಬಣ್ಣದಲ್ಲಿ. ಫೋಟೊ ಕೂಡಿಡುವ ಕ್ಲೌಡು ಮೂರಿದ್ದವು: ಒಂದು ಫೋನಿನ ಜೊತೆಗೇ ಬಂದದ್ದು, ಇನ್ನೊಂದು ಗಂಡ ಮನೆಮಂದಿಗೆಲ್ಲ ಸೇರಿಸಿ ಕೊಂಡದ್ದು, ಮೂರನೆಯದು ಸಿಮ್ಮಿನ ಜೊತೆ ಮೂರು ತಿಂಗಳು ಪುಕ್ಕಟೆ ಎಂದು ಬಂದು ಬೀಗರ ಹಾಗೆ ಬೀಡುಬಿಟ್ಟದ್ದು. ಮೂರರಲ್ಲೂ ಅವೇ ಫೋಟೊ!

"ಒಂದು ತಲೆಗೆ ಮೂರು ಕೊಡೆ ಯಾಕೋ?" ಎಂದು ಗೊಣಗಿ ಒಂದರಲ್ಲಿದ್ದದ್ದನ್ನೆಲ್ಲ ಅಳಿಸಿದಳು. ಕೈಗೆ ಹುರುಪು ಬಂದು ಮೂರರ ಕಸದ ಬುಟ್ಟಿಯನ್ನೂ ಝಾಡಿಸಿದಳು. ಆಮೇಲೆ ನೋಡಿದರೆ, ಅಲ್ಲಿ ಅಳಿಸಿದ್ದು ಫೋನಿನಲ್ಲೂ ಅಳಿದಿತ್ತು. ಫೋನನ್ನು ನೋಡಿ ಉಳಿದೆರಡೂ ಅಳಿಸಿಕೊಂಡಿದ್ದವು. ಟವೆಲಿನ ಮೇಲೆ ನಲವತ್ತೆಂಟು ಕಡ್ಡಿಗಳು ಪಿಳಿಪಿಳಿ ನೋಡುತ್ತಿದ್ದವು. ನಾಲ್ಕಕ್ಕೆ ಸಂಗೀತದ ಮೇಷ್ಟ್ರು ವಾದ್ಯ ಒಯ್ಯಲು ಬರುವವರು. ಐದಕ್ಕೆ ಅರವತ್ತು ಮಕ್ಕಳ ಕುಣಿತ, ಈ ಒಂದೇ ವಾದ್ಯಕ್ಕೆ.

"ಅತ್ತೇ, ನಾನು ಕೆಟ್ಟೆ!"

ಅತ್ತೆ ಒಳಗಿನಿಂದ ಬಂದರು. ಸಂಗತಿ ಕೇಳಿ ಕಣ್ಣರಳಿಸಿದರು. "ಅಯ್ಯೋ, ನಿನ್ನ ಕಡ್ಡಿ ಸಿನಿಮಾ ನನ್ನತ್ರ ಇದೆಯಲ್ಲೇ!"

ಗಂಡನ ಕ್ಲೌಡು ಯಾರೂ ಹೇಳದೆಯೇ ಆ ಫೋಟೊಗಳನ್ನೆಲ್ಲ ಪೋಣಿಸಿ, 'ನಿಮ್ಮ ಸವಿನೆನಪು' ಎಂದು ಬರೆದು, ಡೋಲು ಬಾರಿಸಿ ವಿಡಿಯೊ ಮಾಡಿ ಅತ್ತೆಗೆ ಕಳಿಸಿತ್ತು. ಅತ್ತೆ ಅದನ್ನು ಫೋನಿಗಿಳಿಸಿಕೊಂಡು ನಾಲ್ವರು ತಂಗಿಯರಿಗೂ ಹಂಚಿದ್ದರು.

"ಇದನ್ನೂ ಹಂಚಿದ್ರಾ?"

"ದೊಡ್ಡವಳು ಎರಡು ಸಲ ನೋಡಿದ್ಲಂತೆ. ಕೊನೇಲಿ ಕಣ್ಣೀರು ಬಂತಂತೆ."

ಸೊಸೆ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದಳು. ವಿಡಿಯೊ ಕೊನೆಯಿಂದ ಹಿಂದಕ್ಕೆ ಹೊರಟಿತು.

"ನಿಲ್ಸಿ! ಹಿಂದೆ. ಇನ್ನೂ ಹಿಂದೆ. ಅತ್ತೆ, ಮುಂದಲ್ಲ!"

"ಹಾಡು ಬಂದಾಗ ಬೆರಳು ನಿಲ್ಲಲ್ಲ ಕಣೇ."

ಗುಲಾಬಿ ಹೃದಯಗಳು ತೇಲುತ್ತಿದ್ದ ತೆರೆಯ ಮೇಲೆ ಕಡ್ಡಿಗಳು ಒಂದೊಂದಾಗಿ ಮನೆ ಸೇರಿದವು. ಮೂವತ್ತು ದಾಟುವ ಹೊತ್ತಿಗೆ ಇಬ್ಬರೂ ಡೋಲಿಗೆ ಭುಜ ಕುಣಿಸುತ್ತಿದ್ದರು. ಕೊನೆಯ ಸ್ಕ್ರೂ ತಿರುಗುವುದಕ್ಕೂ ಬಾಗಿಲು ಬಡಿಯುವುದಕ್ಕೂ ಸರಿಹೋಯಿತು.

ಮೇಷ್ಟ್ರು ಪಟ್ಟಿ ಹೆಗಲಿಗೇರಿಸಿ ಒಂದೊಂದೇ ಗುಂಡಿ ಒತ್ತಿದರು. ಸೊಸೆ ಪಕ್ಕದಲ್ಲಿ ಎಣಿಸುತ್ತ ನಿಂತಳು. ಇಪ್ಪತ್ತಾರರಲ್ಲಿ ಅವರ ಹುಬ್ಬು ಮೇಲೇರಿತು.

"ಇದೂ ಪಕ್ಕದ್ದೂ ಅದಲುಬದಲು ಆಗಿದೆಯಲ್ಲಮ್ಮಾ?"

"ಅಲ್ಲಿ ನಂಗೆ ಸೀನು ಬಂತು, ಮೇಷ್ಟ್ರೇ," ಎಂದರು ಅತ್ತೆ, ಗಂಭೀರವಾಗಿ.

ಸೊಸೆಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಮುಚ್ಚಳ ಬಿಚ್ಚಿ ಎರಡು ಕಡ್ಡಿ ಕಿತ್ತಳು. ಫೋನು ಬೇಕಾಗಲಿಲ್ಲ. ಎರಡೇ ನಿಮಿಷ. ಮೇಷ್ಟ್ರು ಮತ್ತೆ ಒತ್ತಿ ನೋಡಿದರು, ತಲೆದೂಗಿದರು, ನುಡಿಸುತ್ತಲೇ ಮೆಟ್ಟಿಲಿಳಿದರು. ಕೆಳಗಿನ ಬೀದಿಯಲ್ಲಿ ನಾದ ದೂರವಾಗುವವರೆಗೂ ಅತ್ತೆ ಸೊಸೆ ಕಿಟಕಿಗೆ ಒತ್ತಿಕೊಂಡು ನಿಂತು ಎಣಿಸಿದರು. ಒಂದು ಗುಂಡಿಯೂ ತಪ್ಪಲಿಲ್ಲ.