ಬೀರುವಿನಲ್ಲಿಟ್ಟ ಸಲಾಡ್

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳನ್ನು ಎಲ್ಲರೂ ಹಸಿಯಕ್ಕ ಎಂದೇ ಕರೆಯುತ್ತಿದ್ದರು. ಅಡುಗೆಮನೆಯಲ್ಲಿ ಹನ್ನೊಂದು ವರ್ಷ ದುಡಿದೂ ಒಲೆ ಹಚ್ಚದವಳು ಅವಳೊಬ್ಬಳೇ. ಸೌತೆಕಾಯಿ, ಕ್ಯಾರೆಟ್, ಟೊಮೆಟೊ ಹೆಚ್ಚಿಡುವುದು, ಊಟದ ಗಂಟೆ ಹೊಡೆದ ಕೂಡಲೇ ಉಪ್ಪು ಉದುರಿಸಿ, ನಿಂಬೆಹಣ್ಣು ಹಿಂಡಿ, ಕೈಯಾಡಿಸಿ ಕಳಿಸುವುದು. ಇಷ್ಟೇ ಕೆಲಸ. ಆದರೆ ಅವಳ ಸಲಾಡ್ ಬಾಯಲ್ಲಿ ಕರಕರ ಎನ್ನುತ್ತಿತ್ತು.

ಸಹಾಯಕ್ಕೆಂದು ಹೊಸಬಳೊಬ್ಬಳು ಬಂದ ವಾರವೇ ಅದು ಕೆಟ್ಟಿತು. ಅಂದು ಯಾವುದೋ ಯಂತ್ರ ಕೈಕೊಟ್ಟು, ಗಂಟೆ ಹೊಡೆದರೂ ಕೆಲಸಗಾರರು ಊಟಕ್ಕೆ ಬಂದಿರಲಿಲ್ಲ. ಅಷ್ಟರಲ್ಲಾಗಲೇ ಉಪ್ಪು ಬೆರೆಸಿದ್ದ ಹಸಿಯಕ್ಕ, ಮಗಳ ಫೋನು ಬಂತೆಂದು ಹೊರಗೆ ಹೋದಳು. ಮಾತು ಮುಗಿಸಿ ಬಂದು ನೋಡಿದರೆ ಪಾತ್ರೆಯಲ್ಲಿ ನೀರೋ ನೀರು. ಪಕ್ಕದಲ್ಲಿ ಹೊಸಬಳು ಮಗ್ಗು ಹಿಡಿದು ನಿಂತಿದ್ದಳು.

"ನೀರು ಲೋಟದಲ್ಲಿ ಕೊಡಿ ಅಕ್ಕಾ, ತಟ್ಟೇಲಿ ಯಾಕೆ?" ಎಂದು ಊಟಕ್ಕೆ ಬಂದವರು ನಕ್ಕರು.

ಮೇಲ್ವಿಚಾರಕರು ನಗಲಿಲ್ಲ. "ಇದು ಯಾರ ಕೆಲ್ಸ ಅಂತ ಗೊತ್ತಾಗ್ಲಿ. ಅವ್ರು ಮತ್ತೆ ಈ ಕಡೆ ತಲೆ ಹಾಕೋದು ಬೇಡ."

"ಇವ್ಳೇ ಸಾರ್," ಎಂದಳು ಹಸಿಯಕ್ಕ.

"ಅಯ್ಯೋ, ಕೈ ತೊಳ್ಕೊಳ್ತಿದ್ದೆ. ನಾನ್ಯಾಕಕ್ಕಾ ನೀರು ಸುರೀಲಿ? ನಿಮ್ಮ ಹತ್ರ ಕೆಲ್ಸ ಕಲೀಲಿ ಅಂತ ತಾನೇ ನನ್ನನ್ನ ಇಲ್ಲಿ ಹಾಕಿರೋದು?"

"ಕಲ್ತ ಮೇಲೆ ನನ್ನನ್ನ ಮನೆಗೆ ಕಳಿಸ್ಬೇಕಲ್ಲ, ಅದಕ್ಕೇ."

"ನಾಳೆ ನೋಡೋಣ," ಎಂದು ಮೇಲ್ವಿಚಾರಕರು ಹೋದರು.

ರಾತ್ರಿಯೆಲ್ಲ ಹಸಿಯಕ್ಕನ ಕಣ್ಣಿಗೆ ಆ ಮಗ್ಗೇ ಕಟ್ಟಿತ್ತು. ಮರುದಿನ, ಬೇರೆ ಯಾರೂ ಕೈ ಹಾಕುವ ಪ್ರಮೇಯವೇ ಬರಬಾರದೆಂದು, ಹನ್ನೊಂದಕ್ಕೆಲ್ಲ ಹೆಚ್ಚಿ, ಉಪ್ಪು, ನಿಂಬೆರಸ ಎಲ್ಲ ಬೆರೆಸಿ, ಪಾತ್ರೆಯನ್ನು ಉಕ್ಕಿನ ಬೀರುವಿನಲ್ಲಿಟ್ಟು ಬೀಗ ಜಡಿದಳು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀರುವಿನ ಮುಂದೆ ಸ್ಟೂಲು ಹಾಕಿ ಕೂತಳು. ಹೊಸಬಳು ಎತ್ತ ಹೋದರೆ ಅತ್ತ ಅವಳ ಕಣ್ಣು.

"ಟೀ ತಗೊಳ್ಳಿ ಅಕ್ಕಾ."

"ಇದಕ್ಕೂ ನೀರು ಹಾಕಿದ್ದೀಯೇನೇ?"

"ನೀರಿಲ್ದೆ ಟೀ ಹೇಗಕ್ಕಾ ಮಾಡ್ಲಿ?"

ಹಸಿಯಕ್ಕ ಲೋಟ ಮುಟ್ಟಲಿಲ್ಲ.

ಒಂದಕ್ಕೆ ಊಟದ ಗಂಟೆ ಹೊಡೆಯಿತು. ಮೇಲ್ವಿಚಾರಕರ ಎದುರಿಗೇ ಬೀಗ ತೆಗೆದಳು. ಪಾತ್ರೆ ಎತ್ತುತ್ತಿದ್ದಂತೆ ನೀರು ತುಳುಕಿತು. ಸೌತೆಕಾಯಿ ಒದ್ದೆ ಬಟ್ಟೆಯಂತೆ ಬಿದ್ದಿತ್ತು.

ಮೇಲ್ವಿಚಾರಕರು ಹೊಸಬಳ ಕಡೆ ತಿರುಗಿದರು. "ಹೇಗೆ ಮಾಡ್ದೆ? ನಿಜ ಹೇಳು, ಇಲ್ಲಾ ಈಗ್ಲೇ ಹೊರಡು."

ಹೊಸಬಳು ಪಾತ್ರೆಯ ಹತ್ತಿರ ಬಂದಳು. ಬೆರಳದ್ದಿ ನಾಲಗೆಗಿಟ್ಟುಕೊಂಡಳು. "ಉಪ್ಪುಪ್ಪಾಗಿದೆ... ಉಪ್ಪು ಯಾವಾಗ ಹಾಕಿದ್ರಿ ಅಕ್ಕಾ?"

ಉಪ್ಪು ಬಿದ್ದ ಸೌತೆಕಾಯಿ ನೀರು ಬಿಡುವುದು ಹಸಿಯಕ್ಕನಿಗೆ ತಿಳಿಯದ್ದೇ? ಮಗ್ಗಿನ ಗುಂಗಿನಲ್ಲಿ ಅದೇ ಮರೆತುಹೋಗಿತ್ತು. ಇವಳ ಹತ್ತಿರ ಇನ್ನೊಂದು ಕೀಲಿ ಇರಬೇಕು ಸಾರ್ ಎಂಬ ಮಾತು ಬಾಯಿಯ ತನಕ ಬಂತು. ಅಂದಿದ್ದರೆ ಅವರು ನಂಬುತ್ತಿದ್ದರು ಕೂಡ.

"ಹನ್ನೊಂದಕ್ಕೇ ಹಾಕಿಬಿಟ್ಟೆ," ಎಂದಳು. "ನಾನೇ ಸಾರ್. ನಿನ್ನೇದೂ ಉಪ್ಪಿನ ನೀರೇ. ಇವ್ಳದೇನೂ ತಪ್ಪಿಲ್ಲ."

ಮೇಲ್ವಿಚಾರಕರು ಇಬ್ಬರನ್ನೂ ಅನುಮಾನದಿಂದ ನೋಡಿದರು. "ನಿನ್ನೆ ಹಾವು ಮುಂಗುಸಿ, ಇವತ್ತು ಒಂದೇ ಪಕ್ಷ! ಇಬ್ರೂ ಸೇರಿ ನನ್ನನ್ನೇ ಮಂಗ ಮಾಡ್ತಿದ್ದೀರಾ? ನಾಳೆಯಿಂದ ಸಲಾಡ್ ಇವ್ಳು ಮಾಡ್ಲಿ. ನೀವು ಪಾತ್ರೆ ತೊಳೆಯೋ ಕಡೆ ಹೋಗಿ."

ಅವರು ಹೋದರು. ಆಚೆ ತಟ್ಟೆಗಳ ಸದ್ದು ಶುರುವಾಗಿತ್ತು. ಹಸಿಯಕ್ಕ ಬುಟ್ಟಿಯಲ್ಲಿದ್ದ ಉಳಿದ ಸೌತೆಕಾಯಿಗಳನ್ನು ಹೊಸಬಳ ಮುಂದೆ ಸರಿಸಿದಳು.

"ಬೇಗ ಹೆಚ್ಚು. ತೀರಾ ತೆಳ್ಳಗೆ ಬೇಡ. ಬಡಿಸೋ ಹೊತ್ತಿಗೆ ಉಪ್ಪು, ಆಮೇಲೆ ನಿಂಬೆ."

ಹೊಸಬಳು ಚಾಕು ಎತ್ತಿಕೊಂಡಳು, ಹೆಚ್ಚಲಿಲ್ಲ. ಹಸಿಯಕ್ಕನ ಮುಖವನ್ನೇ ದಿಟ್ಟಿಸಿದಳು.

"ನಿಜವಾಗ್ಲೂ ಹೇಳಿಕೊಡ್ತಿದ್ದೀರಾ ಅಕ್ಕಾ, ಇಲ್ಲಾ ಇದರಲ್ಲೂ ಏನಾದ್ರೂ ಇದ್ಯಾ?"