ಅಕ್ಕನ ಗಿಡಕ್ಕೆ ನನ್ನ ಕ್ಯಾಮರಾ

ಮಣಿಪಾಲದ ದೊಡ್ಡ ಅಂಗಡಿಯಲ್ಲಿ ಒಬ್ಬಳು ಅರ್ಧ ಗಂಟೆ ನಿಲ್ಲಿಸಿ ನನಗೆ ಕ್ಯಾಮರಾಗಳನ್ನು ತೋರಿಸಿದಳು. ಎಲ್ಲ ಮುಗಿದ ಮೇಲೆ, ರೆಕಾರ್ಡ್ ಆದದ್ದನ್ನು ನೋಡಬೇಕಾದರೆ ತಿಂಗಳು ತಿಂಗಳು ಚಂದಾ ಕಟ್ಟಬೇಕು ಎಂದಳು. ಮೊದಲ ತಿಂಗಳು ಫ್ರೀ ಅಂತೆ! ಕ್ಯಾಮರಾ ನನ್ನದು, ಗೋಡೆ ನನ್ನದು, ಕರೆಂಟು ನನ್ನದು, ಕಳ್ಳನ ಮುಖ ನೋಡಲು ಮಾತ್ರ ಇವರಿಗೆ ಬಾಡಿಗೆ. ನನ್ನ ಸೇಡಿಗೆ ನಾನು ಯಾರಿಗೂ ಕಂತು ಕಟ್ಟುವವಳಲ್ಲ ಎಂದುಕೊಂಡು ಎದ್ದು ಬಂದು ಬಸ್ಸು ಹತ್ತಿದೆ.

ಸೇಡು ಎಂದರೆ ಸೇಡೇ. ಅದಕ್ಕೆ ಚಂದದ ಬೇರೆ ಹೆಸರಿಡುವ ಅಭ್ಯಾಸ ನನಗಿಲ್ಲ.

ನಾವು ಶಂಕರಪುರದ ಹತ್ತಿರದವರು. ನನಗೂ ನನ್ನ ಅಕ್ಕ ಚಂಪಾಳಿಗೂ ಅಮ್ಮನಿಂದ ಬಂದದ್ದು ಒಂದೇ ಜಾಗ, ನಡುವೆ ಸೊಂಟದೆತ್ತರದ ಬೇಲಿ. ಆಚೆ ಅವಳ ಮಲ್ಲಿಗೆ, ಈಚೆ ನನ್ನದು. ಬಿಸಿಲೇರುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಎಂಟು ಗಂಟೆಯೊಳಗೆ ಏಜೆಂಟರಿಗೆ ಮುಟ್ಟಿಸಬೇಕು. ಕಳೆದ ವರ್ಷ ಅಕ್ಕನ ಗಿಡದ ಮೊಗ್ಗು ಮಾಯವಾಗತೊಡಗಿತು. ಅವಳು ಎದ್ದು ಬರುವಷ್ಟರಲ್ಲಿ ಬೇಲಿಯ ಬದಿಯ ಏಳೆಂಟು ಗಿಡ ಬೋಳಾಗಿರುತ್ತಿದ್ದವಂತೆ. ಅದೇ ಸಮಯಕ್ಕೆ ನನ್ನ ಬುಟ್ಟಿ ತುಂಬಿ ಬರುತ್ತಿತ್ತು. ನಾನು ಗೊಬ್ಬರ ಹಾಕಿದ್ದೆ, ಹುಳಕ್ಕೆ ಮದ್ದು ಬಿಟ್ಟಿದ್ದೆ, ಬರದೆ ಏನು?

ನಮ್ಮ ಕುಟುಂಬದ ದೈವದ ಕೋಣೆ ಅಕ್ಕನ ಅಂಗಳದಲ್ಲಿದೆ. ವರ್ಷಕ್ಕೊಮ್ಮೆ ಅಲ್ಲಿ ದೈವಕ್ಕೆ ಪೂಜೆ, ತಂಬಿಲ ಸೇವೆ. ಕಾರ್ಕಳದಿಂದ ದೂಮಪ್ಪ ಮಾವ ಬರುತ್ತಾರೆ. ಅಮ್ಮನ ತಮ್ಮ ಅವರು, ನಮ್ಮಲ್ಲಿ ಅವರು ಹೇಳಿದ್ದೇ ಕೊನೆ. ನಮ್ಮದು ಅಮ್ಮನ ಕಡೆಯಿಂದ ನಡೆಯುವ ಕುಟುಂಬ, ದೈವ ಹೆಣ್ಣುಮಕ್ಕಳಿಗೂ ಅವರ ಮಕ್ಕಳಿಗೂ ಸೇರಿದ್ದು. ಮದುವೆಯಾಗಿ ಬಂದ ಗಂಡಂದಿರು ನೀರು ತರುತ್ತಾರೆ, ಬಾಳೆಲೆ ಹಾಸುತ್ತಾರೆ, ಊಟ ಮಾಡುತ್ತಾರೆ. ಅವರ ದೈವ ಅವರ ಅಮ್ಮನ ಮನೆಯಲ್ಲಿ.

ಕಳೆದ ತಂಬಿಲದ ದಿನ ನಲವತ್ತು ಜನರ ಎದುರಿಗೆ ಅಕ್ಕ ಬಾಯಿ ಬಿಟ್ಟಳು.

“ನನ್ನ ಹೂ ಎಲ್ಲಿಗೆ ಹೋಗುತ್ತದೆ ಅಂತ ಕುಶಲಾಳನ್ನು ಕೇಳಿ. ಅವಳ ಗಿಡಕ್ಕೆ ಅಷ್ಟು ಮೊಗ್ಗು ಬಿಡುವ ಯೋಗ್ಯತೆ ಉಂಟಾ?”

ದೂಮಪ್ಪ ಮಾವ ಗಲಾಟೆ ಬೇಡ ಎಂದು ನನ್ನನ್ನು ಕರೆದರು. “ದೈವದ ಹೊಸ್ತಿಲು ಮುಟ್ಟಿ ಹೇಳು ಮಗಾ, ನಾನು ಕದ್ದಿಲ್ಲ ಅಂತ. ಅಷ್ಟು ಸಾಕು.”

ಅಷ್ಟು ಹೇಳಿ ಏಳಬೇಕಿತ್ತು. ಆದರೆ ನನ್ನ ನಾಲಗೆ ನನ್ನ ಮಾತು ಕೇಳುವುದಿಲ್ಲ. ನಲವತ್ತೆಂಟು ವರ್ಷದ ಹೆಂಗಸು ಕಳ್ಳಿಯಂತೆ ಮಂಡಿಯೂರಿ ಕೂತಿದ್ದೇನೆ, ಮೈಯೆಲ್ಲ ಉರಿಯುತ್ತಿದೆ. ಹೊಸ್ತಿಲಿನ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವ ಹಾಗೆ ಕಿರುಚಿದೆ: “ನನ್ನ ಬುಟ್ಟಿಯಲ್ಲಿ ಇವಳ ಒಂದೇ ಒಂದು ಮೊಗ್ಗು ಇದ್ದರೆ ಈ ಕೈ ಬಿದ್ದು ಹೋಗಲಿ!”

ನನ್ನ ಗಂಡ ವಾಸು ಹಿಂದೆಯೇ ನೀರಿನ ಗಿಂಡಿ ಹಿಡಿದು ನಿಂತಿದ್ದರು.

ಪ್ರಮಾಣ ಮಾಡಿದರೆ ಮಾತು ಮುಗಿಯುತ್ತದೆ ಎಂದುಕೊಂಡಿದ್ದೆ. ಎಲ್ಲಿ ಮುಗಿಯುತ್ತದೆ? ಅಕ್ಕನ ಮೊಗ್ಗು ಹೋಗುವುದೂ ನಿಲ್ಲಲಿಲ್ಲ. ಹಿರಿಯಡ್ಕದಲ್ಲಿ ಒಂದು ಮದುವೆಗೆ ಹೋದರೆ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು, “ಹೊಸ್ತಿಲು ಮುಟ್ಟಿದ್ದು ಇವಳೇ ಅಲ್ವಾ?” ಕದಿಯದವಳನ್ನು ಯಾರು ಮುಟ್ಟಿಸುತ್ತಾರೆ ಎಂಬುದು ಅದರ ಅರ್ಥ. ಅಂದಿನಿಂದ ನನಗೆ ಬೇಕಾದದ್ದು ಒಂದೇ. ಅಕ್ಕನ ಗಿಡದ ನಿಜವಾದ ಕಳ್ಳನನ್ನು ಹಿಡಿಯಬೇಕು, ಈ ವರ್ಷದ ತಂಬಿಲದಲ್ಲಿ ಅದೇ ನಲವತ್ತು ಜನರ ಎದುರಿಗೆ ತೋರಿಸಬೇಕು, ಅಕ್ಕ ನನ್ನ ಕ್ಷಮೆ ಕೇಳಬೇಕು. ಅವಳ ತಲೆ ತಗ್ಗುವುದನ್ನು ನಾನು ಕಣ್ಣಾರೆ ನೋಡಬೇಕು.

ಕೊನೆಗೆ ಕಾಪು ಪೇಟೆಯ ಡೀನ್‌ನ ಅಂಗಡಿಗೆ ಹೋದೆ. ಮೊಬೈಲ್ ರಿಪೇರಿಯ ಜೊತೆಗೆ ಅವನು ಕ್ಯಾಮರಾ ಕೂಡ ಹಾಕಿಕೊಡುತ್ತಾನೆ.

“ತಿಂಗಳ ಬಾಡಿಗೆ ಇಲ್ಲದ್ದು ಬೇಕು,” ಎಂದೆ ಮೆಟ್ಟಿಲಿನಲ್ಲೇ.

“ಉಂಟು ಕುಶಲಕ್ಕ, ಕೂತುಕೊಳ್ಳಿ. ಎಷ್ಟು ಕ್ಯಾಮರಾ? ನಾಲ್ಕು ಹಾಕುವುದಾದರೆ ಡಬ್ಬ ಇಟ್ಟು ವೈರ್ ಎಳೆಯಬೇಕು. ತಿಂಗಳುಗಟ್ಟಲೆ ರೆಕಾರ್ಡ್ ಇರುತ್ತದೆ, ಚಂದಾ ಇಲ್ಲ.”

“ವೈರ್ ಎಳೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಒಂದೇ ಸಾಕು. ಸಣ್ಣದು.”

“ಹಾಗಾದರೆ ಇದು. ಒಳಗೆ ಮೆಮೊರಿ ಕಾರ್ಡು ಹಾಕುವುದು, ಎಲ್ಲ ಅದರಲ್ಲೇ ಉಳಿಯುತ್ತದೆ. ಯಾರಾದರೂ ಬಂದರೆ ನಿಮ್ಮ ಮೊಬೈಲಿಗೆ ಫೋಟೋ ಬರುತ್ತದೆ. ಕತ್ತಲೆಯಲ್ಲೂ ಕಾಣುತ್ತದೆ, ಬಣ್ಣ ಮಾತ್ರ ಇಲ್ಲ. ಒಂದು ವಿಷಯ, ಕಾರ್ಡು ಎಂಟು ದಿನಕ್ಕೆ ತುಂಬುತ್ತದೆ. ಮತ್ತೆ ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದು. ಬೇರೆ ಎಲ್ಲಿಯೂ ಕಾಪಿ ಇರುವುದಿಲ್ಲ. ಬೇಕಾದದ್ದನ್ನು ಮೊದಲೇ ಮೊಬೈಲಿಗೆ ಇಳಿಸಿಕೊಳ್ಳಬೇಕು.”

“ಆಯಿತು.”

“ಎಲ್ಲಿಗೆ ತಿರುಗಿಸುವುದು? ಬಾಗಿಲಿಗಾ, ಗೇಟಿಗಾ?”

“ಅಕ್ಕನ ಮಲ್ಲಿಗೆ ಗಿಡಕ್ಕೆ.”

ಡೀನ್ ನನ್ನ ಮುಖ ನೋಡಿದ. “ನಿಮ್ಮ ಮನೆಗೆ ಬೇಡ್ವಾ?”

“ನನ್ನ ಮನೆಯಿಂದ ಹೋದದ್ದು ಮಾನ ಒಂದೇ. ಅದು ಆಚೆ ಬದಿಯಲ್ಲಿ ಬಿದ್ದಿದೆ,” ಎಂದೆ. “ಅವಳ ಬಾಗಿಲು ಕಿಟಕಿ ನನಗೆ ಬೇಡ ಮಾರಾಯ, ಗಿಡ ಮಾತ್ರ ಕಂಡರೆ ಸಾಕು.”

ವಾಸು ಆ ವಾರ ಎರ್ಮಾಳಿನಲ್ಲಿದ್ದರು, ತಮ್ಮನ ಬಲೆ ರಿಪೇರಿಗೆ ಎಂದು ಮೂರು ದಿನ ಹೋಗಿದ್ದರು. ಡೀನ್ ಬಂದು ಮಾಡಿನ ಅಡಿಯಲ್ಲಿ, ತೆಂಗಿನ ಮಡಲಿನ ಕಟ್ಟಿನ ಮರೆಯಲ್ಲಿ ಕ್ಯಾಮರಾ ಕೂರಿಸಿ ಹೋದ. ಗಂಡನಿಗೂ ನಾನು ಹೇಳಲಿಲ್ಲ. ಅವರಿಗೆ ಹೇಳುವುದೂ ಒಂದೇ, ಹೋಟೆಲಿನಲ್ಲಿ ಬೋರ್ಡು ಹಾಕುವುದೂ ಒಂದೇ.

ಅವರು ಬಂದು ಎರಡು ದಿನವಾಗಿತ್ತು. ಬೆಳಿಗ್ಗೆ ಎಂದಿನಂತೆ ನಾನು ರಸ್ತೆ ಬದಿಯ ಗಿಡ, ಅವರು ಬೇಲಿ ಬದಿಯ ಗಿಡ ಕೊಯ್ದೆವು. ಚಹಾ ಇಡಲು ಆರು ಗಂಟೆಗೆ ಒಳಗೆ ಬಂದು ನೋಡಿದರೆ ಮೊಬೈಲಿನಲ್ಲಿ ಫೋಟೋ ಬಂದು ಕೂತಿದೆ. ಐದು ಗಂಟೆ ಹನ್ನೆರಡು ನಿಮಿಷ. ಅಕ್ಕನ ಗಿಡಗಳ ನಡುವೆ ಒಬ್ಬ ಬಗ್ಗಿ ನಿಂತಿದ್ದಾನೆ, ತಲೆಗೆ ಸುತ್ತಿದ ಬೈರಾಸು, ನಮ್ಮ ಕಡೆಗೆ ಬೆನ್ನು.

ಕುಣಿಯಬೇಕು ಅನಿಸಿತು. ಖುಷಿಗೆ! ವಿಡಿಯೋ ಬಿಡಿಸಿ ನೋಡುವಷ್ಟು ತಾಳ್ಮೆ ನನಗೆ ಯಾವ ಜನ್ಮದಲ್ಲಿ ಇತ್ತು? ಗ್ಯಾಸ್ ಮೇಲಿನ ಹಾಲು ಬಿಟ್ಟು ಬೇಲಿಗೆ ಓಡಿದೆ. ಅಕ್ಕ ಆಗಷ್ಟೇ ಬುಟ್ಟಿ ಹಿಡಿದು ಬಂದಿದ್ದಳು.

“ಸಿಕ್ಕಿದ, ಅಕ್ಕ! ನಿನ್ನ ಕಳ್ಳ ಕ್ಯಾಮರಾದಲ್ಲಿ ಸಿಕ್ಕಿದ! ಈಗ ತೋರಿಸುವುದಿಲ್ಲ. ತಂಬಿಲದ ದಿನ ಎಲ್ಲರ ಎದುರಿಗೆ ತೋರಿಸುತ್ತೇನೆ. ನೀನು ಅದೇ ಹೊಸ್ತಿಲಿನ ಹತ್ತಿರ ನನ್ನ ಕ್ಷಮೆ ಕೇಳಬೇಕು. ಇಲ್ಲದಿದ್ದರೆ ನಾನು ಕುಶಲಾ ಅಲ್ಲ!”

“ಯಾರು ಮಾರಾಯ್ತಿ ಅದು?” ಅಕ್ಕ ಹೆದರಿಯೇ ಕೇಳಿದಳು. ಅವಳು ಹೆದರಿದ್ದು ಕಂಡು ನನ್ನ ಹೊಟ್ಟೆ ತಣ್ಣಗಾಯಿತು.

ತಿರುಗಿದರೆ ವಾಸು ಜಗಲಿಯಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಒಳಗೆ ಹೋಗಿ ವಿಡಿಯೋ ಬಿಡಿಸಿದೆ. ಬೈರಾಸಿನವನು ಗಿಡ ಬಿಟ್ಟು ಗಿಡಕ್ಕೆ ಸರಿದ, ಎಡಗಾಲನ್ನು ಎಳೆದುಕೊಂಡು. ಬೇಲಿ ದಾಟಲು ಈಚೆ ತಿರುಗಿದ. ಇಪ್ಪತ್ತೈದು ವರ್ಷ ನಾನು ಅನ್ನ ಬಡಿಸಿದ ಮುಖ.

“ಇದು ಎಂತ?” ಎಂದೆ. ಜಗಲಿಗೆ ಬಂದು ಮೊಬೈಲನ್ನು ಅವರ ಮುಖಕ್ಕೆ ಹಿಡಿದಿದ್ದೆ.

ವಾಸು ಬುಟ್ಟಿ ಕೆಳಗಿಟ್ಟು ಕೂತರು. ಸಿಟ್ಟಿನಲ್ಲೇ ಹೇಳಿದರು. “ಮೊಣಕಾಲು ಹೋಗಿ ಬೋಟು ಬಿಟ್ಟು ಬಂದ ದಿನ ನಿನ್ನ ಅಕ್ಕ ನನಗೆ ಎಂತ ಹೇಳಿದ್ದು ಗೊತ್ತುಂಟಾ? ಇನ್ನು ಸೀರೆ ಉಟ್ಟು ಹೂ ಕಟ್ಟಿ ಭಾವ, ಅಂತ. ಮಲ್ಪೆಯಲ್ಲಿ ಇಪ್ಪತ್ತೆಂಟು ವರ್ಷ ಕಡಲಿಗೆ ಹೋದವ ನಾನು! ಅವಳ ಹೊಟ್ಟೆ ಉರಿಸಬೇಕು ಅಂತ ಕೊಯ್ದೆ. ಹಣಕ್ಕಲ್ಲ.”

“ಅವಳ ಹೊಟ್ಟೆ ಉರಿಸಲು ನನ್ನ ಬುಟ್ಟಿಯೇ ಬೇಕಿತ್ತಾ? ನಾನು ಹೊಸ್ತಿಲು ಮುಟ್ಟುವಾಗ ನೀವು ಹಿಂದೆಯೇ ಇದ್ದಿರಲ್ಲ!”

“ನೀನು ಕದ್ದಿಲ್ಲ ಅಲ್ವಾ? ಮತ್ತೆ ನಿನಗೆ ಎಂತ ಹೆದರಿಕೆ? ಬುಟ್ಟಿಯ ವಿಷಯ ನಿನ್ನತ್ರ ಯಾರು ಕೇಳಿದ್ದು?”

“ನೀವು ಮುಂದೆ ಬಂದು ಹೇಳಬೇಕಿತ್ತು.”

“ನನ್ನ ದೈವ ಎರ್ಮಾಳಿನಲ್ಲಿ. ನಿಮ್ಮ ದೈವದ ಮುಂದೆ ನನಗೆ ಎಂತ ಪ್ರಮಾಣ?”

ಆ ಮಾತು ಕೇಳಿ ನನಗೆ ಅಳು ಬರಲಿಲ್ಲ. ಕುದಿಯುವ ಗಂಜಿ ಎತ್ತಿ ಸುರಿಯಬೇಕು ಅನಿಸಿತು. ಅವರು ಎದ್ದು ಮಾಡಿನ ಅಡಿಯ ಕ್ಯಾಮರಾವನ್ನು ನೋಡಿ ಕೇಳಿದರು, “ಇದಕ್ಕೆ ತಿಂಗಳ ಚಂದಾ ಎಲ್ಲ ಉಂಟಾ?”

“ಇಲ್ಲ. ಎಂಟು ದಿನ ಕಾರ್ಡಿನಲ್ಲಿ ಇರುತ್ತದೆ. ಅಷ್ಟೇ.”

“ಬೇರೆ ಎಲ್ಲಿಯೂ ಇರುವುದಿಲ್ಲ ಅಲ್ವಾ? ತಂಬಿಲಕ್ಕೆ ಇನ್ನೂ ಹನ್ನೊಂದು ದಿನ ಉಂಟು. ಸುಮ್ಮನೆ ಇರು ಕುಶಲಾ. ತನ್ನಷ್ಟಕ್ಕೆ ಅಳಿದು ಹೋಗುತ್ತದೆ. ಕ್ಯಾಮರಾ ಹಾಳಾಯಿತು ಅಂತ ಹೇಳಿದರೆ ಆಯಿತು.”

ಸುಳ್ಳು ಯಾಕೆ ಹೇಳಲಿ, ಐದು ದಿನ ನಾನು ಸುಮ್ಮನೆಯೇ ಇದ್ದೆ. ಏನೂ ಮಾಡಬೇಕಾಗಿರಲಿಲ್ಲ, ಅದೇ ಸುಖ. ಅಕ್ಕನ ಎದುರಿಗೆ ಸೋಲುವುದಕ್ಕಿಂತ ಸಾಯುವುದು ಮೇಲು ಎಂದುಕೊಂಡಿದ್ದೆ. ಆದರೆ ಹೂ ಕಟ್ಟಲು ಕೂತಾಗಲೆಲ್ಲ ಬಲಗೈ ನೋಡುತ್ತಿದ್ದೆ. ಈ ಕೈಯಲ್ಲೇ ಅವಳ ಮೊಗ್ಗು ಕಟ್ಟಿದ್ದೇನೆ, ಇದೇ ಕೈ ಹೊಸ್ತಿಲಿನ ಮೇಲಿಟ್ಟಿದ್ದೇನೆ. ಬೆರಳು ಜೋಮು ಹಿಡಿದರೂ ಎದೆ ಧಸಕ್ಕೆನ್ನುತ್ತಿತ್ತು.

ಆರನೆಯ ದಿನ ಬೆಳಿಗ್ಗೆ ವಾಸು ಚಹಾಕ್ಕೆ ಬಿಸ್ಕತ್ತು ಅದ್ದಿ ಅದ್ದಿ ತಿನ್ನುತ್ತಿದ್ದರು. ಬಾಯಲ್ಲಿ ಭಜನೆ ಬೇರೆ. ನನ್ನನ್ನು ಕಂಡು, “ಇನ್ನು ಎರಡು ದಿನ ಅಲ್ವಾ?” ಎಂದು ನಕ್ಕರು.

ಆ ನಗು ನೋಡಿ ನಾನು ಡೀನ್‌ಗೆ ಫೋನ್ ಮಾಡಿದೆ. “ಅಳಿಯುವ ಮೊದಲು ಮೊಬೈಲಿಗೆ ಇಳಿಸುವುದು ಹೇಗೆ ಹೇಳು. ನಿಧಾನಕ್ಕೆ ಹೇಳು, ನಾನು ಒತ್ತುತ್ತಾ ಹೋಗುತ್ತೇನೆ.”

ತಂಬಿಲದ ದಿನ ಪೂಜೆ ಮುಗಿಯುವವರೆಗೆ ನಾನು ತುಟಿ ಬಿಚ್ಚಲಿಲ್ಲ. ವಾಸು ನಿಶ್ಚಿಂತೆಯಿಂದ ಬಾಳೆಲೆ ಹಾಸುತ್ತಿದ್ದರು. ಅಕ್ಕನೇ ಶುರು ಮಾಡಿದಳು.

“ಎಲ್ಲಿ ನಿನ್ನ ಕಳ್ಳ? ಊರಿಡೀ ಕೇಳುವ ಹಾಗೆ ಬೊಬ್ಬೆ ಹಾಕಿದ್ದಿ ಅಲ್ವಾ?”

ನಾನು ದೂಮಪ್ಪ ಮಾವನ ಕೈಗೆ ಮೊಬೈಲ್ ಕೊಟ್ಟೆ. ಅವರು ಕನ್ನಡಕ ಹಾಕಿ ನೋಡಿದರು, ಇನ್ನೊಮ್ಮೆ ನೋಡಿದರು, ಅಕ್ಕನಿಗೆ ಕೊಟ್ಟರು. ಮೊಬೈಲ್ ಕೈಯಿಂದ ಕೈಗೆ ಹೋಯಿತು. ವಾಸು ಬಾಳೆಲೆ ಹಿಡಿದಲ್ಲೇ ನಿಂತರು.

ನಾನು ಹೊಸ್ತಿಲಿನ ಹತ್ತಿರ ಮಂಡಿಯೂರಿದೆ. “ಕಳೆದ ವರ್ಷ ಒಂದು ಮೊಗ್ಗೂ ಇಲ್ಲ ಅಂದಿದ್ದೆ. ಇತ್ತು. ನನಗೆ ಗೊತ್ತಿರಲಿಲ್ಲ, ಆದರೂ ಇತ್ತು. ನನ್ನ ಪ್ರಮಾಣ ಸುಳ್ಳು.”

“ಹಾಗಾದರೆ ನಾನು ಹೇಳಿದ್ದು ಸರಿ ಅಲ್ವಾ?” ಎಂದಳು ಅಕ್ಕ.

“ಸರಿ, ಅಕ್ಕ. ತಪ್ಪಾಯಿತು.”

ಆ ಮೂರು ಮಾತು ಗಂಟಲಿನಿಂದ ಈಚೆ ಬರುವಾಗ ಮುಳ್ಳು ಮೀನು ನುಂಗಿದ ಹಾಗಾಯಿತು. ಅಕ್ಕ ಗೆದ್ದಳು, ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಆದರೆ ಗಂಡನ ಲೆಕ್ಕ ಬಾಕಿ ಇತ್ತು.

ದೂಮಪ್ಪ ಮಾವ ನನಗೆ ತಪ್ಪು ಕಾಣಿಕೆ ಹಾಕಲು ಹೇಳಿದರು. ಹಾಕಿದೆ. ಆಮೇಲೆ ವಾಸುವನ್ನು ಕರೆದರು. ವಾಸು ಮೆಲ್ಲಗೆ, “ನನ್ನ ದೈವ ಎರ್ಮಾಳಿನಲ್ಲಿ ಅಲ್ವಾ ಮಾವ?” ಎಂದರು. ಮಾವ ಯೋಚಿಸಿ ತಲೆಯಾಡಿಸಿದರು. “ಅದು ಹೌದು. ಅವರ ಮೇಲೆ ನಮ್ಮ ದೈವದ ಅಧಿಕಾರ ಇಲ್ಲ. ಅವರು ಅವರ ಕುಟುಂಬಕ್ಕೆ ಉತ್ತರ ಕೊಡಬೇಕು.” ಅಲ್ಲಿಗೆ ಬಿಟ್ಟೇ ಬಿಟ್ಟರು! ಹೊಸ್ತಿಲು ಮುಟ್ಟಿದವಳು ನಾನು, ಕಾಣಿಕೆ ಹಾಕಿದವಳು ನಾನು, ಕದ್ದವರು ಬಾಳೆಲೆ ಹಾಸಲು ಹೊರಟರು.

“ಮಾವ ಹೇಳಿದ್ದು ಸರಿ,” ಎಂದೆ. ಮೊಬೈಲ್ ವಾಪಸು ಇಸಿದುಕೊಂಡು ‘ಎರ್ಮಾಳ್ ಕುಟುಂಬ’ ಎನ್ನುವ ವಾಟ್ಸಾಪ್ ಗುಂಪು ತೆರೆದೆ. ಅದರಲ್ಲಿ ಮೂವತ್ತೆಂಟು ಜನ. ವಾಸುವಿನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಗಲ್ಫಿನಲ್ಲಿರುವ ಅಳಿಯಂದಿರು, ಎಲ್ಲರಿಗಿಂತ ಮೇಲೆ ನನ್ನ ಅತ್ತೆ ಸರಸ. ಎಪ್ಪತ್ತಾರು ವರ್ಷ ಅವರಿಗೆ. ಮೀನು ಮಾರ್ಕೆಟ್ಟಿನಲ್ಲಿ ಅವರ ಬಾಯಿಗೆ ಹೆದರದವರಿಲ್ಲ. ಅವರ ಮನೆಯ ದೈವದ ಕೋಣೆಯ ಕೀಲಿಕೈ ಅವರ ಸೊಂಟದಲ್ಲೇ ಇರುತ್ತದೆ.

ವಿಡಿಯೋ ಹಾಕಿದೆ. ಕೆಳಗೆ ಬರೆದೆ: ‘ಇವರು ಕದ್ದದ್ದು ಹೂ. ಸುಳ್ಳು ಪ್ರಮಾಣ ಆದದ್ದು ನನ್ನದು. ನಿಮ್ಮ ದೈವದ ಮುಂದೆ ಮಾತ್ರ ಉತ್ತರ ಕೊಡುತ್ತಾರಂತೆ.’

“ಕುಶಲಾ, ಬೇಡ,” ಎಂದರು ವಾಸು. ಅಷ್ಟರಲ್ಲಿ ಅದು ಹೋಗಿಯಾಗಿತ್ತು.

ಪಾಯಸದ ಪಾತ್ರೆ ಇನ್ನೂ ಒಳಗಿನಿಂದ ಬಂದಿರಲಿಲ್ಲ, ವಾಸುವಿನ ಅಂಗಿಯ ಕಿಸೆಯಲ್ಲಿ ಫೋನ್ ಹೊಡೆಯಿತು. ಅವರು ತೆಗೆದು ಹೆಸರು ನೋಡಿದರು. ನಲವತ್ತು ಜನ ಊಟ ಬಿಟ್ಟು ಅವರನ್ನೇ ನೋಡುತ್ತಿದ್ದರು.

“ಅಮ್ಮ ಅಲ್ವಾ?” ಎಂದೆ. “ಎತ್ತಿ. ಸ್ಪೀಕರ್ ಹಾಕಿ.”